ಹರಿಯುವ ನೀರು: ಒಂದು ಹಳೆಯ ಪಾಠದ ತಿದ್ದುಪಡಿ

ಈ ಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಕಾಲದಲ್ಲಿ, ‘ಹರಿಯುವ ನೀರು ತನ್ನನ್ನು ತಾನೇ ಶುದ್ಧಗೊಳಿಸಿಕೊಳ್ಳುತ್ತದೆ’ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಆ ಪಾಠ ಅಪೂರ್ಣವಾಗಿತ್ತು. ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೆದುರು ಅದನ್ನು ತಿದ್ದಿಕೊಳ್ಳಬಯಸುತ್ತೇನೆ. ನನ್ನ ಕಣ್ಣು ತೆರೆಸಿದ್ದು ಅಮೇರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದ ಚೀಟ್ ನದಿಯ ವೃತ್ತಾಂತ.

ಬಂಡೆಗಳ ನಡುವೆ ಬೆಳ್ನೊರೆಯುಕ್ಕಿಸುತ್ತ ಧುಮುಕುವ ಈ ನದಿ ರಬ್ಬರ್ ತೆಪ್ಪಗಳ ಸಾಹಸಯಾನಕ್ಕೆ ಹೆಸರಾದುದು. ಅದರ ಸುತ್ತಣ ಬೆಟ್ಟಗಳಲ್ಲಿ ಕಲ್ಲಿದ್ದಲ ಗಣಿಗಳಿದ್ದವು. 1994ರ ವಸಂತದಲ್ಲಿ, ಮುಚ್ಚಿದ್ದ ಗಣಿಯೊಂದರೊಳಗೆ ತುಂಬಿದ್ದ ನೀರು ಬೆಟ್ಟದ ಮಗ್ಗುಲನ್ನೊಡೆದು ಮಡ್ಡಿ ಕ್ರೀಕ್ ಎಂಬ ಉಪನದಿಗೆ, ಅಲ್ಲಿಂದ ಚೀಟ್ ಕಣಿವೆಗೆ ನುಗ್ಗಿತು. ಕಣಿವೆಯ ನೀರಿನ ಪಿಎಚ್ 4ಕ್ಕೆ ಇಳಿಯಿತು. ಶುದ್ಧ ನೀರಿನ ಪಿಎಚ್ 7. ಒಂದೊಂದು ಅಂಕ ಇಳಿದಂತೆ ಆಮ್ಲೀಯತೆ ಹತ್ತು ಪಟ್ಟು ಏರುವುದರಿಂದ, ಇದು ಸಾವಿರ ಪಟ್ಟು ಹೆಚ್ಚು. 16 ಮೈಲಿ ಕೆಳಗಿನ ಸರೋವರದಲ್ಲಿಯೂ ಮೀನುಗಳು ಸತ್ತವು. ತೆಪ್ಪಯಾನವನ್ನು ನಂಬಿ ಬದುಕುತ್ತಿದ್ದವರಿಗೂ ಪೆಟ್ಟು ಬಿತ್ತು. 1995ರಲ್ಲಿ ಅದೇ ಗಣಿ ಮತ್ತೊಮ್ಮೆ ಒಡೆಯಿತು.

ಇದರ ಕಾರಣವನ್ನು ಗಮನಿಸೋಣ. ಕಲ್ಲಿದ್ದಲ ಪದರಗಳಲ್ಲಿ ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಎಂಬ ಖನಿಜವಿರುತ್ತದೆ. ಗಾಳಿಯ ಸೋಂಕಿಲ್ಲದ ನೆಲದಾಳದಲ್ಲಿ ಅದು ನಿರುಪದ್ರವಿ. ಗಣಿ ತೋಡಿದಾಗ ಗಾಳಿ, ನೀರು ತಗಲಿ ಗಂಧಕಾಮ್ಲ ಉತ್ಪತ್ತಿಯಾಗುತ್ತದೆ. ಕರಗಿದ ಕಬ್ಬಿಣವು ಮುಂದೆ ಕಿತ್ತಳೆ ಬಣ್ಣದ ಕೆಸರಾಗಿ ಹೊಳೆಯ ಕಲ್ಲುಗಳನ್ನು ಮುಚ್ಚುತ್ತದೆ. ಮೀನುಗಳಿಗೆ ಆಹಾರವಾದ ಹುಳುಗಳಿಗೆ ಅಲ್ಲಿ ನೆಲೆಯಿಲ್ಲದಾಗುತ್ತದೆ. ಗಣಿಗಾರಿಕೆ ನಿಂತು ದಶಕಗಳು ಕಳೆದರೂ ಈ ಕ್ರಿಯೆ ನಿಲ್ಲದು.

ಪರಿಹಾರ ನಮ್ಮ ಕಾಸರಗೋಡಿನ ಅಡಿಕೆ ಕೃಷಿಕರಿಗೆ ಪರಿಚಿತವಾದುದೇ. ಮೈಲುತುತ್ತಿನ ಆಮ್ಲಗುಣವನ್ನು ನಾವು ಸುಣ್ಣದಿಂದ ತಣಿಸುತ್ತೇವೆ. ದ್ರಾವಣದಲ್ಲಿ ಅದ್ದಿದ ಕತ್ತಿಯ ಅಲಗು ಕೆಂಪಾದರೆ ಸುಣ್ಣ ಸಾಲದೆಂದು ಅರಿಯುತ್ತೇವೆ. ಅಲ್ಲಿಯೂ ‘ಫ್ರೆಂಡ್ಸ್ ಆಫ್ ದಿ ಚೀಟ್’ ಎಂಬ ನಾಗರಿಕರ ಸಂಸ್ಥೆ ಹುಟ್ಟಿಕೊಂಡು, ಆಮ್ಲ ಹರಿಯುವ ತೊರೆಗಳಿಗೆ ಸುಣ್ಣಕಲ್ಲಿನ ಕಾಲುವೆಗಳನ್ನು ರಚಿಸಿತು. ಮಡ್ಡಿ ಕ್ರೀಕಿನ ಗಣಿನೀರಿಗಾಗಿ ಸರ್ಕಾರ ದೊಡ್ಡ ಶುದ್ಧೀಕರಣ ಘಟಕವನ್ನು ಕಟ್ಟಿತು. ಸತ್ತಿದ್ದ ನದಿಗೆ ಮೀನುಗಳು ಮರಳಿವೆ.

ಆದರೆ ಒಂದು ವ್ಯತ್ಯಾಸವುಂಟು. ನಮ್ಮ ದ್ರಾವಣಕ್ಕೆ ಸುಣ್ಣ ಒಮ್ಮೆ ಬೆರೆಸಿದರೆ ಸಾಕು. ಆ ನದಿಗೆ ಸುಣ್ಣದ ಉಪಚಾರ ನಿಲ್ಲಿಸುವಂತಿಲ್ಲ. ಕಲ್ಲಿದ್ದಲನ್ನು ಉರಿಸಿದ ತಲೆಮಾರು ಕಳೆದುಹೋಯಿತು. ಅದರ ಸಾಲವನ್ನು ಮೊಮ್ಮಕ್ಕಳು ತೀರಿಸುತ್ತಿದ್ದಾರೆ.

ಆದುದರಿಂದ ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಹಳೆಯ ಟಿಪ್ಪಣಿಯಲ್ಲಿ ಹೀಗೆ ತಿದ್ದಿಕೊಳ್ಳಿರಿ: ಹರಿಯುವ ನೀರು ಎಲೆಯ ಕೊಳೆಯನ್ನು ಕಳೆದುಕೊಂಡೀತು, ಗಣಿಯ ಆಮ್ಲವನ್ನು ಮಾತ್ರ ಮನುಷ್ಯನೇ ತಡೆಯಬೇಕು, ಅದೂ ಗಣಿ ತೋಡುವ ಮೊದಲೇ ಯೋಚಿಸಿ.