ಗುಜರಿಯ ಗಾಡಿಗೆ ಲಕ್ಷಗಟ್ಟಲೆ ಬೆಲೆ ಬಂದ ಬಗೆ

ಹಾಟ್ ರಾಡ್ ಎಂಬ ಹೆಸರು ನಮ್ಮ ಪಾಠಪುಸ್ತಕಗಳಲ್ಲಿ ಬರುವುದಿಲ್ಲ. ಹಳೆಯ ಮೋಟಾರು ಗಾಡಿಯೊಂದನ್ನು ಕಡಿಮೆ ಬೆಲೆಗೆ ಕೊಂಡು, ಬೇಡದ ಭಾಗಗಳನ್ನು ಕಳಚಿ, ಎಂಜಿನಿನ ಶಕ್ತಿಯನ್ನು ಹೆಚ್ಚಿಸಿ, ತಯಾರಿಸಿದ ಕಂಪೆನಿಯೂ ಎಣಿಸದಷ್ಟು ವೇಗವಾಗಿ ಓಡುವಂತೆ ಮಾಡಿದರೆ ಅದು ಹಾಟ್ ರಾಡ್. ಇದು ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ದಕ್ಷಿಣ ಭಾಗದಲ್ಲಿ, 1930ರ ದಶಕದಲ್ಲಿ. ಬೆಳೆಸಿದವರು ದೊಡ್ಡ ಎಂಜಿನಿಯರುಗಳಲ್ಲ; ಕೈಯಲ್ಲಿ ಹೆಚ್ಚು ಕಾಸಿಲ್ಲದ ತರುಣರು. ಇಂದು ಅಂಥ ಗಾಡಿಗಳಲ್ಲಿ ಕೆಲವು ಆಭರಣದಂತೆ ಹರಾಜಾಗುತ್ತವೆ. ಹಣವಿಲ್ಲದವರ ಕೈಯಲ್ಲಿ ಹುಟ್ಟಿದ ವಸ್ತು ಹಣವಂತರಿಗೆ ಮಾತ್ರ ಎಟಕುವಂತಾದದ್ದು ಹೇಗೆ, ಹಾಗಾದ ಮೇಲೆ ಹಣವಿಲ್ಲದವರು ಏನು ಮಾಡಿದರು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ನಡುವೆ ಸ್ವಲ್ಪ ಭೌತಶಾಸ್ತ್ರವೂ ಸ್ವಲ್ಪ ಲೆಕ್ಕವೂ ಬರುತ್ತವೆ; ವಿದ್ಯಾರ್ಥಿಗಳು ಹೆದರಬೇಕಾಗಿಲ್ಲ.

ಮೊದಲು ಕಚ್ಚಾ ಸಾಮಗ್ರಿಯ ವಿಷಯ. ಹೆನ್ರಿ ಫೋರ್ಡನ ಕಂಪೆನಿಯು 1908ರಿಂದ 1927ರವರೆಗೆ ‘ಮಾಡೆಲ್ ಟಿ’ ಎಂಬ ಗಾಡಿಯನ್ನು ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಿಸಿತು. 1920ರ ದಶಕದ ನಡುವೆ ಇದರ ಅತ್ಯಂತ ಅಗ್ಗದ ಮಾದರಿ ಹೊಸದಾಗಿಯೇ 300 ಡಾಲರಿಗಿಂತ ಕಡಿಮೆಗೆ ಸಿಗುತ್ತಿತ್ತು. ಅನಂತರ ‘ಮಾಡೆಲ್ ಎ’ ಬಂದಿತು. ಹಾಗಾಗಿ 1930ರ ದಶಕದಲ್ಲಿ ಹಳೆಯ ಫೋರ್ಡುಗಳು ಹಿತ್ತಿಲುಗಳಲ್ಲಿ, ಗುಜರಿ ಅಂಗಳಗಳಲ್ಲಿ ರಾಶಿ ಬಿದ್ದಿದ್ದವು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಹೊಸ ಗಾಡಿಯನ್ನು ಕನಸಿನಲ್ಲಿಯೂ ಕೊಳ್ಳಲಾರದ ಹುಡುಗನಿಗೆ ಇವು ಕೈಗೆಟಕುತ್ತಿದ್ದವು. ಸರಳವಾದ ಯಂತ್ರ, ಕೆಲವು ಸ್ಪ್ಯಾನರುಗಳಿದ್ದರೆ ಬಿಚ್ಚಿ ಮತ್ತೆ ಜೋಡಿಸಬಹುದಿತ್ತು.

ಓಡಿಸಲು ಜಾಗವೂ ಸಿಕ್ಕಿತು. ಲಾಸ್ ಏಂಜಲಿಸ್ ನಗರದಿಂದ ಉತ್ತರಕ್ಕೆ ಬೆಟ್ಟಗಳನ್ನು ದಾಟಿದರೆ ಮೊಹಾವಿ ಮರುಭೂಮಿ. ಅಲ್ಲಿ ಎಂದೋ ಬತ್ತಿಹೋದ ಸರೋವರಗಳ ತಳಗಳಿವೆ. ಮಳೆಗಾಲದಲ್ಲಿ ತೆಳ್ಳಗೆ ನೀರು ನಿಂತು, ಬೇಸಿಗೆಯಲ್ಲಿ ಒಣಗಿ, ಕಣದ ನೆಲದಂತೆ ಗಟ್ಟಿಯಾಗಿ ಸಮತಟ್ಟಾಗುವ ಮೈಲಿಗಟ್ಟಲೆ ಬಯಲು. ಮ್ಯೂರಾಕ್ ಮತ್ತು ಎಲ್ ಮಿರಾಜ್ ಎಂಬವು ಇವುಗಳಲ್ಲಿ ಹೆಸರಾದವು. ವಾರಾಂತ್ಯಗಳಲ್ಲಿ ಹುಡುಗರು ಅಲ್ಲಿಗೆ ಗಾಡಿ ಓಡಿಸಿಕೊಂಡು ಹೋಗಿ, ಪಂಥ ಕಟ್ಟಿ, ಸಂಜೆ ಅದೇ ಗಾಡಿಯಲ್ಲಿ ಮನೆಗೆ ಬರುತ್ತಿದ್ದರು. ಧೂಳಿನಲ್ಲಿ ಒಂದರ ಹಿಂದೆ ಇನ್ನೊಂದು ನುಗ್ಗಿ ಅಪಘಾತಗಳಾದವು. 1937ರಲ್ಲಿ ಹಲವು ಕ್ಲಬ್ಬುಗಳು ಒಟ್ಟಾಗಿ ‘ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್’ ಎಂಬ ಸಂಸ್ಥೆಯನ್ನು ಕಟ್ಟಿ, ನಿಯಮ ಮಾಡಿ, ವೇಗವನ್ನು ಕ್ರಮವಾಗಿ ಅಳೆಯತೊಡಗಿದವು. ಮ್ಯೂರಾಕ್ ಈಗ ಎಡ್ವರ್ಡ್ಸ್ ವಾಯುಪಡೆ ನೆಲೆಯೊಳಗೆ ಸೇರಿಹೋಗಿದೆ.

ಈ ಹುಡುಗರು ಮಾಡುತ್ತಿದ್ದುದೇನು? ನಮ್ಮ ಭೌತಶಾಸ್ತ್ರದ ಪಾಠದಲ್ಲಿ ಬರುವ ನ್ಯೂಟನ್ನನ ಎರಡನೆಯ ನಿಯಮವನ್ನು ನೆನಪು ಮಾಡಿಕೊಳ್ಳಿ. ಬಲ ಒಂದೇ ಆಗಿದ್ದು ದ್ರವ್ಯರಾಶಿ ಕಡಿಮೆಯಾದರೆ ವೇಗೋತ್ಕರ್ಷ ಹೆಚ್ಚುತ್ತದೆ. ಒಂದು ಗಾಡಿಯ ತೂಕ 1000 ಕಿಲೋಗ್ರಾಂ, ಎಂಜಿನ್ 65 ಅಶ್ವಶಕ್ತಿಯದು ಎಂದುಕೊಳ್ಳೋಣ. ಪ್ರತಿ ಅಶ್ವಶಕ್ತಿಯ ಮೇಲೆ ಸುಮಾರು 15.4 ಕಿಲೋ ಭಾರ ಬೀಳುತ್ತದೆ. ಚಕ್ರದ ಮೇಲಿನ ಮಡ್‌ಗಾರ್ಡು, ಬಂಪರು, ಹಿಂದಿನ ಆಸನ, ಬಟ್ಟೆಯ ಛಾವಣಿ ಇವನ್ನೆಲ್ಲ ಕಳಚಿ 200 ಕಿಲೋ ಇಳಿಸಿದರೆ ಆ ಭಾರ 12.3 ಕಿಲೋ ಆಗುತ್ತದೆ. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ! ಎಂಜಿನನ್ನು ತಿದ್ದಿ 100 ಅಶ್ವಶಕ್ತಿಗೆ ಏರಿಸಿದರೆ 8 ಕಿಲೋಗೆ ಇಳಿಯುತ್ತದೆ. ಅಂದರೆ ಮೊದಲಿನದಕ್ಕಿಂತ ಹೆಚ್ಚುಕಡಿಮೆ ಅರ್ಧ ಭಾರ. ಹಾಟ್ ರಾಡಿನ ಬೋಳು ಬೋಳಾದ ರೂಪ ಅಲಂಕಾರಕ್ಕೆಂದು ಬಂದದ್ದಲ್ಲ, ಈ ಭಾಗಾಕಾರದಿಂದ ಬಂದದ್ದು.

ಗಾಳಿಯ ಲೆಕ್ಕವೂ ಇದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಆದುದರಿಂದಲೇ ಛಾವಣಿಯ ಕಂಬಗಳನ್ನು ಕೆಲವು ಅಂಗುಲ ಕತ್ತರಿಸಿ ಮತ್ತೆ ಬೆಸೆದು ಗಾಡಿಯ ಎತ್ತರವನ್ನು ತಗ್ಗಿಸುವ ಪದ್ಧತಿ ಬೆಳೆಯಿತು. ಬತ್ತಿದ ಸರೋವರದ ಮೇಲೆ ಕಲಿತ ಪಾಠ ಇದು.

ಇವರೆಲ್ಲರ ಕಣ್ಣು ಬಿದ್ದದ್ದು 1932ರ ಫೋರ್ಡ್ ಗಾಡಿಯ ಮೇಲೆ. ಆ ವರ್ಷ ಫೋರ್ಡ್ ಕಂಪೆನಿಯು ಎಂಟು ಸಿಲಿಂಡರುಗಳ ‘ವಿ-8’ ಎಂಜಿನನ್ನು ಸಾಮಾನ್ಯ ಜನರ ಗಾಡಿಗೆ ಹಾಕಿತು. ಅಲ್ಲಿಯವರೆಗೆ ಎಂಟು ಸಿಲಿಂಡರೆಂದರೆ ಸಿರಿವಂತರ ಮಾತು. ಎರಡೂ ಸಾಲಿನ ಸಿಲಿಂಡರುಗಳನ್ನು ಒಂದೇ ಎರಕದಲ್ಲಿ ಹೊಯ್ಯುವ ವಿಧಾನವನ್ನು ಸಾಧಿಸಿದ್ದರಿಂದ ಬೆಲೆ ಇಳಿಯಿತು. ಮೊದಲ ಎಂಜಿನಿನ ಶಕ್ತಿ 65 ಅಶ್ವಶಕ್ತಿ. ಇದರ ಕವಾಟಗಳು ಸಿಲಿಂಡರುಗಳ ಪಕ್ಕದಲ್ಲಿ ಇದ್ದುದರಿಂದ ಮೇಲಿನ ಮುಚ್ಚಳ ಚಪ್ಪಟೆಯಾಗಿತ್ತು. ಅದನ್ನು ತೆಗೆದು ಒಳಜಾಗ ಕಡಿಮೆಯಿರುವ ಅಲ್ಯೂಮಿನಿಯಂ ಮುಚ್ಚಳ ಹಾಕಿದರೆ ಇಂಧನದ ಮಿಶ್ರಣ ಹೆಚ್ಚು ಒತ್ತಲ್ಪಟ್ಟು ಹೆಚ್ಚು ಬಲದಿಂದ ಉರಿಯುತ್ತದೆ. ಒಂದು ಕಾರ್ಬ್ಯುರೇಟರಿನ ಬದಲು ಎರಡು ಅಥವಾ ಮೂರು ಇಟ್ಟರೆ ಎಂಜಿನ್ ಹೆಚ್ಚು ಉಸಿರಾಡುತ್ತದೆ. ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಉಬ್ಬುಗಳನ್ನು ಬೇರೆ ಆಕಾರಕ್ಕೆ ಉಜ್ಜಿದರೆ ಕವಾಟಗಳು ಇನ್ನಷ್ಟು ಹೊತ್ತು ತೆರೆದಿರುತ್ತವೆ. ಇದಕ್ಕೊಂದು ದೋಷವೂ ಇತ್ತು: ಹೊಗೆ ಹೋಗುವ ದಾರಿ ಎಂಜಿನಿನ ಮೈಯೊಳಗಿಂದಲೇ ಸಾಗುತ್ತಿದ್ದುದರಿಂದ ಬಹಳ ಬೇಗ ಕಾಯುತ್ತಿತ್ತು. ರೇಡಿಯೇಟರಿನ ನೀರು ಕುದಿಸದೆ ಓಡಿಸುವುದೇ ಒಂದು ವಿದ್ಯೆಯಾಗಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಹವ್ಯಾಸ ಕಾಳ್ಗಿಚ್ಚಿನಂತೆ ಹಬ್ಬಿತು. ವಿಮಾನ, ಟ್ಯಾಂಕುಗಳ ಎಂಜಿನ್ ರಿಪೇರಿ ಕಲಿತ ಯುವಕರು ಊರಿಗೆ ಮರಳಿದ್ದರು. ಯುದ್ಧವಿಮಾನಗಳ ಕೆಳಗೆ ತೂಗುಹಾಕುವ ಹೆಚ್ಚುವರಿ ಪೆಟ್ರೋಲ್ ತೊಟ್ಟಿಗಳು ಸೈನ್ಯದ ಹಳೆಯ ಸಾಮಾನಿನ ಜೊತೆ ಅಗ್ಗವಾಗಿ ಮಾರಾಟಕ್ಕೆ ಬಂದವು. ಮೀನಿನ ಆಕಾರದ ಆ ತೊಟ್ಟಿಯನ್ನೇ ಗಾಡಿಯ ಮೈಯಾಗಿ ಮಾಡಿಕೊಂಡು, ಒಳಗೆ ಎಂಜಿನ್ ಕೂರಿಸಿ, ಗಾಳಿಯನ್ನು ಸೀಳುತ್ತ ಓಡಿಸಿದವರಿದ್ದಾರೆ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಈ ತೊಟ್ಟಿಯ ಗಾಡಿಯೇ. 1948ರಲ್ಲಿ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆ ಹೊರಟಿತು. ಬೀದಿಗಳಲ್ಲಿ ಪಂಥ ಕಟ್ಟಿ ಓಡಿಸುವವರಿಂದಾಗಿ ಕೆಟ್ಟ ಹೆಸರೂ ಬಂದಿತು. ಆ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ 1951ರಲ್ಲಿ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸ್ಥಾಪಿಸಿದುದಕ್ಕೆ ಬೀದಿಯ ಪಂಥವನ್ನು ತಪ್ಪಿಸಿ, ಮುಚ್ಚಿದ ಹಾದಿಗೆ ತರುವ ಉದ್ದೇಶ ಮುಖ್ಯ ಕಾರಣ. 1955ರಲ್ಲಿ ಷೆವರ್ಲೆ ಕಂಪೆನಿಯ ಹೊಸ ಹಗುರ ವಿ-8 ಬಂದ ಮೇಲೆ ಹಳೆಯ ಫೋರ್ಡ್ ಎಂಜಿನು ಹಿಂದೆ ಬಿದ್ದಿತು. ಅಪಘಾತವಾದ ಗಾಡಿಗಳಿಂದ ಆ ಎಂಜಿನುಗಳು ಧಾರಾಳವಾಗಿ ಗುಜರಿಗೆ ಬಂದು ಹುಡುಗರ ಕೈಸೇರಿದವು.

ಇನ್ನು ಬೆಲೆ ಏರಿದ ಕಥೆ. 1950ರಲ್ಲಿ ಓಕ್ಲೆಂಡ್ ನಗರದ ಪ್ರದರ್ಶನದಲ್ಲಿ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ ಎಂಬ ಪ್ರಶಸ್ತಿ ಮೊದಲ ಬಾರಿ ಕೊಡಲಾಯಿತು. ಗೆದ್ದದ್ದು ಬಿಲ್ ನೀಕ್ಯಾಂಪ್ ಎಂಬಾತನ 1929ರ ಫೋರ್ಡ್. ಗಮನಿಸಬೇಕಾದ ಮಾತೆಂದರೆ, ಆತನು ಈ ‘ಅತಿ ಸುಂದರ’ ಗಾಡಿಯನ್ನು ಎಲ್ ಮಿರಾಜ್ ಬಯಲಿಗೂ ಒಯ್ದು ಗಂಟೆಗೆ 140 ಮೈಲಿಗೂ ಹೆಚ್ಚು ವೇಗದಲ್ಲಿ ಓಡಿಸಿದನು. ಚೆಂದವೂ ಓಟವೂ ಆಗ ಬೇರೆ ಬೇರೆಯಾಗಿರಲಿಲ್ಲ. ಮುಂದೆ ಬೇರೆಯಾದವು. ಬಣ್ಣ, ಕ್ರೋಮಿಯಂ ಲೇಪ, ಚರ್ಮದ ಆಸನ ಇವು ಹೆಚ್ಚಿದಂತೆ ಗಾಡಿಯನ್ನು ಓಡಿಸುವುದೇ ಅಪಾಯವಾಯಿತು. ಕಲ್ಲೊಂದು ಸಿಡಿದರೆ ಬಣ್ಣ ಹೋಗುತ್ತದೆ! ಇನ್ನೊಂದು ಗಾಡಿಯ ಬೆನ್ನ ಮೇಲೆ ಪ್ರದರ್ಶನಕ್ಕೆ ಸಾಗಿಸಿ, ಕನ್ನಡಿ ಹಾಸಿದ ನೆಲದ ಮೇಲೆ ನಿಲ್ಲಿಸುವ ರೂಢಿ ಬಂದಿತು. 1997ರಲ್ಲಿ ಪೆಬ್ಬಲ್ ಬೀಚ್ ಎಂಬಲ್ಲಿ ಸಿರಿವಂತರ ಹಳೆಯ ಮೋಟಾರುಗಳ ಪ್ರದರ್ಶನದೊಳಗೆ ಹಾಟ್ ರಾಡುಗಳಿಗೆ ಮೊದಲ ಬಾರಿ ಪ್ರವೇಶ ದೊರೆಯಿತು. ಆ ವಿಭಾಗದಲ್ಲಿ ಗೆದ್ದದ್ದು ಡೋನ್ ಸ್ಪೆನ್ಸರ್ ಎಂಬ ಕುಶಲಿ 1940ರ ದಶಕದಲ್ಲಿ ತಿದ್ದಿ ಕಟ್ಟಿದ 1932ರ ಫೋರ್ಡ್.

ಹಾಟ್ ರಾಡಿನ ಸೋದರಸಂಬಂಧಿಯಂತಿರುವ ‘ಕಸ್ಟಮ್’ ಎಂಬ ಜಾತಿಯಿದೆ. ವೇಗಕ್ಕಿಂತ ರೂಪಕ್ಕಾಗಿ ತಿದ್ದಿದ ಗಾಡಿಗಳಿವು. ಬಾಬ್ ಹಿರೊಹಾಟ ಎಂಬ ಜಪಾನಿ ಮೂಲದ ಯುವಕನಿಗಾಗಿ ಬ್ಯಾರಿಸ್ ಸಹೋದರರು 1951ರ ಮರ್ಕ್ಯುರಿ ಗಾಡಿಯೊಂದನ್ನು ತಿದ್ದಿದ್ದರು. ಕಾಲ ಬದಲಾಗಿ ಅದು ಹಳೆಯ ಗಾಡಿಗಳ ಅಂಗಡಿಗೆ ಬಿದ್ದಿತು. 1959ರಲ್ಲಿ ಒಬ್ಬ ಹದಿಹರೆಯದ ಹುಡುಗನು 500 ಡಾಲರಿಗೆ ಕೊಂಡು, ಕೆಲವು ಕಾಲ ಓಡಿಸಿ, ಜೋಪಾನವಾಗಿ ಇಟ್ಟುಕೊಂಡನು. 2022ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಅದಕ್ಕೆ 19 ಲಕ್ಷ 50 ಸಾವಿರ ಡಾಲರಿನ ಕೂಗು ಬಂದಿತು. ಹರಾಜಿನ ಶುಲ್ಕ ಸೇರಿ 21 ಲಕ್ಷ 45 ಸಾವಿರ. ಕಬ್ಬಿಣ ಅದೇ, ಎಂಜಿನಿನ ಜಾತಿ ಅದೇ. ಬೆಲೆ ಕಟ್ಟಿದ್ದು ಅದರ ಚರಿತ್ರೆಗೆ. ಚರಿತ್ರೆಯನ್ನು ಎರಡನೆಯ ಬಾರಿ ತಯಾರಿಸಲು ಬರುವುದಿಲ್ಲವಾದ್ದರಿಂದ ಇಂಥ ಬೆಲೆಗೆ ಮಿತಿ ಇರುವುದಿಲ್ಲ.

ಚರಿತ್ರೆಯಿಲ್ಲದ, ಈಗ ಹೊಸದಾಗಿ ಕಟ್ಟಿಸುವ ಹಾಟ್ ರಾಡಿಗೂ ಲಕ್ಷಗಟ್ಟಲೆ ಡಾಲರು ಆಗುವುದೇಕೆ? ಪಾಲಕರು ಸಹ ಈ ಲೆಕ್ಕವನ್ನು ನೋಡಬೇಕು. ಬಿಡಿಭಾಗಗಳಿಗೆ 40,000 ಡಾಲರು ಎಂದಿಟ್ಟುಕೊಳ್ಳೋಣ. ನುರಿತ ಕೆಲಸಗಾರರಿಗೆ ಗಂಟೆಗೆ 100 ಡಾಲರಿನಂತೆ 3000 ಗಂಟೆ ದುಡಿಸಿದರೆ ಕೂಲಿಯೇ 3 ಲಕ್ಷ ಡಾಲರು. ಮನೆಯ ಶೆಡ್ಡಿನಲ್ಲಿ ಕಟ್ಟುವವನಿಗೆ ಈ ಎರಡನೆಯ ಸಾಲು ಸೊನ್ನೆ. ಗಂಟೆಗಳು ಅವನಿಗೂ ಬೇಕು, ಬಹುಶಃ ಇನ್ನೂ ಹೆಚ್ಚೇ ಬೇಕು. ಆದರೆ ಅವು ಅವನ ಸಂಜೆಗಳು, ಅವನ ಭಾನುವಾರಗಳು. ಶೇಖರಕಾರನು ಪರರ ಗಂಟೆಗಳನ್ನು ಕೊಳ್ಳುತ್ತಾನೆ. 3000 ಗಂಟೆ ಮುಗಿದ ಮೇಲೆ ಇಬ್ಬರಲ್ಲಿಯೂ ಗಾಡಿ ಇರುತ್ತದೆ, ಒಬ್ಬನಿಗೆ ಮಾತ್ರ ಬೆಸುಗೆ ಹಾಕಲು ಬರುತ್ತದೆ.

ಶೇಖರಕಾರರನ್ನು ಬರಿದೇ ಹಳಿಯುವುದು ನ್ಯಾಯವಲ್ಲ. ಅವರು ಹಣ ಹಾಕದಿದ್ದರೆ ಸ್ಪೆನ್ಸರನ ಗಾಡಿಯಂಥವು ತುಕ್ಕು ಹಿಡಿದು ಹೋಗುತ್ತಿದ್ದವು. ಆದರೆ ಅವರ ಬೇಡಿಕೆಯಿಂದ 1932ರ ಅಸಲಿ ಫೋರ್ಡ್ ಮೈಗಳು ಹುಡುಗರ ಕೈಗೆ ಎಟಕದಾದವು. ಕೆಲವರು ಅಚ್ಚಿನಲ್ಲಿ ಎರೆದ ಗಾಜಿನ ನಾರಿನ ಮೈಗಳನ್ನು ಆರಿಸಿಕೊಂಡರು. ಕೆಲವರು ಹಿಂದೆ ಯಾರೂ ಮೂಸದಿದ್ದ ನಾಲ್ಕು ಬಾಗಿಲಿನ ಹಳೆಯ ಗಾಡಿಗಳತ್ತ ತಿರುಗಿದರು. ‘ರ‍್ಯಾಟ್ ರಾಡ್’ ಎಂಬ ಪಂಗಡ ಹುಟ್ಟಿತು: ಬಣ್ಣವಿಲ್ಲ, ಹೊಳಪಿಲ್ಲ, ತುಕ್ಕು ಕಂಡರೂ ಚಿಂತೆಯಿಲ್ಲ, ಗಾಡಿ ಓಡಬೇಕು. ಆಮೇಲೆ ಹಣ ಕೊಟ್ಟು ಕೃತಕವಾಗಿ ತುಕ್ಕು ಬರಿಸಿಕೊಳ್ಳುವವರೂ ಕಾಣಿಸಿಕೊಂಡರು. ಬಡತನಕ್ಕೂ ವೇಷ ಹಾಕುವವರಿದ್ದಾರೆ! ಇವುಗಳಲ್ಲಿ ಒರಟು ಬೆಸುಗೆಯ, ಅರೆಬರೆ ಬ್ರೇಕಿನ ಗಾಡಿಗಳಿವೆ ಎಂಬುದನ್ನೂ ಹೇಳಬೇಕು. ಅಂಥವನ್ನು ನಾನು ಮೆಚ್ಚಲಾರೆ.

ಅಗ್ಗ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದಕ್ಕೆ ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ‘24 ಅವರ್ಸ್ ಆಫ್ ಲೆಮನ್ಸ್’ ಎಂಬ ಓಟದ ನಿಯಮ ಒಳ್ಳೆಯ ಉದಾಹರಣೆ. ಫ್ರಾನ್ಸಿನ ಪ್ರಸಿದ್ಧ ಲ ಮಾನ್ಸ್ ಓಟದ ಹೆಸರನ್ನು ಅಣಕಿಸಿ ಇಟ್ಟ ಹೆಸರಿದು. ಕೆಟ್ಟ ಗಾಡಿಗೆ ಅಲ್ಲಿಯ ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರೆ. ಗಾಡಿಗೆ 500 ಡಾಲರಿಗಿಂತ ಹೆಚ್ಚು ಖರ್ಚಾಗಿರಬಾರದು ಎಂಬುದು ಇದರ ಮೂಲ ನಿಯಮ. ಹೆಚ್ಚು ಸುರಿದಿದ್ದಾನೆಂದು ತೀರ್ಪುಗಾರರಿಗೆ ಅನುಮಾನ ಬಂದರೆ ಅವನ ಲೆಕ್ಕದಿಂದ ಸುತ್ತುಗಳನ್ನು ಕಳೆಯುತ್ತಾರೆ. ಆದರೆ ಬ್ರೇಕು, ಟೈರು, ಚಾಲಕನ ಆಸನ, ಪಲ್ಟಿಯಾದರೆ ಕಾಪಾಡುವ ಉಕ್ಕಿನ ಪಂಜರ ಇವುಗಳ ಖರ್ಚು ಈ ಮಿತಿಗೆ ಸೇರುವುದಿಲ್ಲ. ಅವು ಎಷ್ಟೇ ಆಗಲಿ, ಸರಿಯಾಗಿ ಇರಲೇಬೇಕು.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸಿ ರಸ್ತೆಗೆ ತರುವಂತಿಲ್ಲ. ಆದ್ದರಿಂದ ಅಣ್ಣನ ಮೋಟಾರು ಸೈಕಲ್ಲಿನ ಸೈಲೆನ್ಸರಿಗೆ ಕೈ ಹಾಕುವ ಉತ್ಸಾಹಿಗಳು ತಡೆಯಲಿ. ಕೆಟ್ಟುನಿಂತ ಪಂಪುಸೆಟ್ಟಿನ ಎಂಜಿನನ್ನು ಹಿರಿಯರ ಎದುರು ಬಿಚ್ಚಿ ನೋಡಲು ಯಾವ ಕಾಯಿದೆಯ ಅಡ್ಡಿಯೂ ಇಲ್ಲ. ಅದರಲ್ಲಿಯೂ ಪಿಸ್ಟನ್, ಕವಾಟ, ಕ್ಯಾಮ್‌ಶಾಫ್ಟು ಎಲ್ಲವೂ ಇವೆ.

1937ರಲ್ಲಿ ಹುಟ್ಟಿದ ಆ ಟೈಮಿಂಗ್ ಅಸೋಸಿಯೇಷನ್ ಇಂದಿಗೂ ಎಲ್ ಮಿರಾಜ್ ಬಯಲಿನಲ್ಲಿ ಓಟಗಳನ್ನು ನಡೆಸುತ್ತದೆ. ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ 1949ರಿಂದ ‘ಸ್ಪೀಡ್ ವೀಕ್’ ನಡೆಸುತ್ತ ಬಂದಿದೆ. ನೆಲ ಒದ್ದೆಯಾದ ವರ್ಷಗಳಲ್ಲಿ ಮಾತ್ರ ಬಿಟ್ಟುಹೋಗುತ್ತದೆ. ಎಂಜಿನಿನ ಗಾತ್ರ ಮತ್ತು ಮೈಯ ಬಗೆಗೆ ತಕ್ಕಂತೆ ವರ್ಗಗಳಿವೆ. ಬಹುಮಾನದ ಹಣ ಇಲ್ಲ. ಗಂಟೆಗೆ 200 ಮೈಲಿ, ಅಂದರೆ 322 ಕಿಲೋಮೀಟರ್ ಮೀರಿ ತಮ್ಮ ವರ್ಗದಲ್ಲಿ ದಾಖಲೆ ಮಾಡಿದವರು ‘200 ಮೈಲಿ ಕ್ಲಬ್ಬಿ’ನ ಸದಸ್ಯರಾಗುತ್ತಾರೆ, ಅವರಿಗೆ ಕೊಡುವುದು ಒಂದು ಕೆಂಪು ಟೋಪಿ.