ಹೊಂಡದ ನೀರು ಹಸಿರು ಪೇಂಟ್‌ನಂತಾದರೆ ದನಕ್ಕೆ ಕುಡಿಸಬೇಡಿ

ಬಿಸಿಲು ಏರುತ್ತಿದ್ದ ಹಾಗೆ ಕಡೂರು, ಅಜ್ಜಂಪುರ ಕಡೆಯಿಂದ ನನಗೆ ಬರುವ ವಾಟ್ಸಾಪ್ ಫೋಟೊಗಳಲ್ಲಿ ಒಂದು ಥರದ್ದು ಜಾಸ್ತಿಯಾಗುತ್ತೆ. ಕೃಷಿ ಹೊಂಡದ ಮೂಲೆಯಲ್ಲಿ ಯಾರೋ ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆ. ಕೆಳಗೆ ಒಂದೇ ಪ್ರಶ್ನೆ: "ಪಾಚಿಗೆ ಏನು ಹೊಡೀಬೇಕು?"

ಹೊಡೆಯೋ ಮಾತು ಆಮೇಲೆ. ಮೊದಲು ಒಂದು ಕೋಲು ಅದ್ದಿ ಎತ್ತಿ. ಕೂದಲಿನಂತೆ ಎಳೆ ನೇತಾಡಿದರೆ ಅದು ಸಾಮಾನ್ಯ ಎಳೆಪಾಚಿ, ಬಾಚಿ ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಕೋಲಿಗೆ ಬಣ್ಣ ಬಳಿದಂತೆ ಅಂಟಿದರೆ ನೀಲಿ-ಹಸಿರು ಪಾಚಿ ಅಂತ ಅನುಮಾನಪಡಿ. ಅಸಲಿಗೆ ಅದು ಪಾಚಿಯಲ್ಲ, ಸೈನೋಬ್ಯಾಕ್ಟೀರಿಯಾ. ಎಲ್ಲವೂ ವಿಷ ಅಂತಲ್ಲ, ನಾವು ಬೆಳೆಸುವ ಅಜೋಲಾಕ್ಕೆ ಸಾರಜನಕ ಕೊಡುವುದೂ ಇದೇ ಗುಂಪಿನದು. ಆದರೆ ಮೈಕ್ರೋಸಿಸ್ಟಿಸ್‌ನಂಥವು ಮಾಡುವ ವಿಷ ಲಿವರ್ ಹಾಳು ಮಾಡುತ್ತೆ, ಕುದಿಸಿದರೂ ಹೋಗಲ್ಲ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂಥ ಕೆನೆ ಕುಡಿದು ದನ, ಕುರಿ ಸತ್ತದ್ದು 1878ರಲ್ಲೇ 'ನೇಚರ್' ಪತ್ರಿಕೆಯಲ್ಲಿ ವರದಿಯಾಗಿದೆ. ಬರೀ ಕಣ್ಣಿಗೆ ವಿಷದ್ದು ಯಾವುದು, ಅಲ್ಲದ್ದು ಯಾವುದು ಗೊತ್ತಾಗಲ್ಲ. ಹಾಗಾಗಿ ಎಲ್ಲವನ್ನೂ ವಿಷ ಅಂತಲೇ ನೋಡಿ.

ಇದು ಎಷ್ಟು ಬೆಳೆಯುತ್ತೆ ಅನ್ನೋದನ್ನ ಮುಖ್ಯವಾಗಿ ನಿರ್ಧರಿಸೋದು ರಂಜಕ. 50 ಕಿಲೋ ಡಿಎಪಿ ಚೀಲದಲ್ಲಿ ಸುಮಾರು 10 ಕಿಲೋ ರಂಜಕ ಇದೆ. ನೀರಿಗಿಳಿದ ಒಂದು ಕಿಲೋ ರಂಜಕ 500 ಕಿಲೋವರೆಗೆ ಹಸಿ ಪಾಚಿ ಬೆಳೆಸಬಲ್ಲದು. ಈರುಳ್ಳಿ ಹೊಲದ ಮೊದಲ ಮಳೆನೀರು ನೇರ ಹೊಂಡಕ್ಕೆ ಇಳಿದರೆ ಏನಾಗುತ್ತೆ ಲೆಕ್ಕ ಹಾಕಿ. ಸಾವಯವದವರು ನಗಬೇಡಿ, ಸಗಣಿ ಬಗ್ಗಡದಲ್ಲೂ ರಂಜಕ ಇದೆ. ತಿಪ್ಪೆ ಹೊಂಡದ ಮೇಲ್ಗಡೆ ಇದ್ದರೆ ನಾವೂ ಅದೇ ಸಾಲಿನವರೇ. ಸಾರಜನಕ ಕಮ್ಮಿ ಇದ್ದರೂ ಅನಬೀನಾದಂಥ ಜಾತಿಗಳು ಗಾಳಿಯಿಂದ ಎಳೆದುಕೊಳ್ಳುತ್ತವೆ.

ಇನ್ನು ತಿನ್ನೋರ ಕಥೆ. ಬಿಳಿ ಬೋಗುಣಿಯಲ್ಲಿ ಹೊಂಡದ ನೀರು ತೆಗೆದು ಬಿಸಿಲಿಗೆ ಹಿಡಿಯಿರಿ. ಕುಪ್ಪಳಿಸುವ ಚುಕ್ಕೆಗಳು ಕಂಡರೆ ಅವು ನೀರುಚಿಗಟಗಳು, ಡಾಫ್ನಿಯಾ, ಮೊಯಿನಾ ಜಾತಿಯವು. ಸಣ್ಣ ಪಾಚಿಯನ್ನ ಹಗಲೂ ರಾತ್ರಿ ಸೋಸಿ ತಿನ್ನುತ್ತವೆ. ಮೈಕ್ರೋಸಿಸ್ಟಿಸ್ ಮಾತ್ರ ಲೋಳೆಯಲ್ಲಿ ಗುಂಪು ಕಟ್ಟಿಕೊಂಡು ಇವುಗಳ ಬಾಯಿಗೆ ಹಿಡಿಸದಷ್ಟು ದಪ್ಪ ಆಗುತ್ತೆ. ಗುಂಪು ಚಿಕ್ಕದಿದ್ದಾಗಲೇ ತಿಂದರೆ ಉಂಟು, ಕೆನೆ ಕಟ್ಟಿದ ಮೇಲೆ ಅವುಗಳ ಕೈಲಾಗಲ್ಲ. ಅದಕ್ಕೇ ಚಿಗಟಗಳನ್ನ ಮೊದಲಿನಿಂದ ಉಳಿಸಿಕೊಳ್ಳಬೇಕು. ಸೈಪರ್‌ಮೆಥ್ರಿನ್, ಕ್ಲೋರ್‌ಪೈರಿಫಾಸ್ ಅವಕ್ಕೆ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಸ್ಪ್ರೇ ಕ್ಯಾನ್ ಹೊಂಡದಲ್ಲಿ ತೊಳೆಯೋದು ನಿಮ್ಮ ಕೆಲಸದಾಳನ್ನ ಕೊಂದ ಹಾಗೆ.

ಮೀನು ಬಿಡೋರು ಇನ್ನೊಂದು ನೆನಪಿಡಿ. ಕಾಟ್ಲಾ ಮೇಲಿನ ನೀರಲ್ಲಿ ಇವೇ ಚಿಗಟಗಳನ್ನ ಹುಡುಕಿ ತಿನ್ನುತ್ತೆ, ಅದನ್ನೇ ತುಂಬಿದರೆ ಪಾಚಿಗೆ ದಾರಿ ಬಿಟ್ಟ ಹಾಗೆ. ಬೆಳ್ಳಿಗೆಂಡೆ ಪಾಚಿಯನ್ನೇ ಸೋಸುತ್ತೆ ನಿಜ. ಚೀನಾದ ಡೊಂಗ್‌ಹು ಸರೋವರದಲ್ಲಿ 1985ರಲ್ಲಿ ಕೆನೆ ನಿಂತದ್ದಕ್ಕೆ ಇಂಥ ಗೆಂಡೆಗಳೇ ಕಾರಣ ಅಂತ ಅಲ್ಲಿನ ವಿಜ್ಞಾನಿಗಳ ವಾದ. ಆದರೆ ಅದು ಚಿಗಟವನ್ನೂ ತಿನ್ನುತ್ತೆ, ನುಂಗಿದ ಪಾಚಿ ಎಷ್ಟೋ ಸಲ ಹಿಕ್ಕೆಯಲ್ಲಿ ಜೀವಂತ ಹೊರಬರುತ್ತೆ. ನಾನಂತೂ ಮೀನನ್ನ ನಂಬಿ ರಂಜಕ ಬಿಡಲ್ಲ.

ಮೈಲುತುತ್ತ ಸುರಿಯೋದು ಬೇಡವೇ ಬೇಡ. ಜೀವಕೋಶ ಒಡೆದು ಒಳಗಿದ್ದ ವಿಷವೆಲ್ಲ ಒಂದೇ ಸಲ ನೀರಿಗೆ ಬರುತ್ತೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಅಣೆಕಟ್ಟೆಗೆ ಇದನ್ನ ಹಾಕಿದ ಮೇಲೆ 140ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಬಹುಪಾಲು ಮಕ್ಕಳು.

ಕೆನೆ ಕಂಡ ದಿನವೇ ದನಗಳಿಗೆ ಬೋರ್‌ವೆಲ್ ನೀರು ತೊಟ್ಟಿಗೆ ಬಿಡಿ. ಗಾಳಿ ಕೆನೆಯನ್ನ ದಡಕ್ಕೆ ತಳ್ಳುತ್ತೆ, ದನ ಬಾಯಿ ಹಾಕೋದೂ ಅಲ್ಲೇ. ಕುಡಿದ ದನ ಮೇವು ಬಿಟ್ಟು ತೂರಾಡಿದರೆ ಕಾಯಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ ಹೊಂಡದ ವಿಷಯವನ್ನೂ ಹೇಳಿ. ಇದಕ್ಕೆ ಪ್ರತಿವಿಷ ಇಲ್ಲ. ತೆಂಗು, ಅಡಿಕೆಗೆ ನೀರು ಬಿಡೋದಾದರೆ ಪೈಪಿನ ಬಾಯಿ ಕೆನೆಗಿಂತ ತುಂಬಾ ಕೆಳಗಿರಲಿ. ಸೊಪ್ಪು ತರಕಾರಿಗೆ ಸ್ಪ್ರಿಂಕ್ಲರ್ ಬೇಡ.

ಹೊಂಡ ಬತ್ತಿದಾಗ ಹೂಳು ತೆಗೆಯಿರಿ, ರಂಜಕ ಕೂತಿರೋದೇ ಅದರಲ್ಲಿ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆದು ತೋಟಕ್ಕೆ ಹಾಕೋದು ನಮ್ಮ ಕಡೆ ಹಳೇ ರೂಢಿ, ಹೊಂಡಕ್ಕೂ ಅದೇ ಸರಿ. ಪ್ಲಾಸ್ಟಿಕ್ ಹಾಸಿದ್ದರೆ ಸಲಿಕೆ ತಾಗದ ಹಾಗೆ ಕೈಯಲ್ಲೇ ತೆಗೆಯಬೇಕು. ನೀರು ಒಳಬರೋ ಕಡೆ ಒಂದು ಹೂಳುಗುಂಡಿ, ಅದರ ಮುಂದೆ ನಾಲ್ಕೈದು ಅಡಿ ಹುಲ್ಲಿನ ಪಟ್ಟಿ ಮುಂಗಾರಿಗೆ ಮೊದಲೇ ಆಗಿರಲಿ.