ಕಾಡ್ಗಿಚ್ಚು: ಹಚ್ಚಿದವನ ಹೊಣೆ ಎಲ್ಲಿಯವರೆಗೆ?

ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿರುವ ಅನುಗ್ರಹಗಳಲ್ಲಿ ಬೆಂಕಿಯೂ ಒಂದು. ಅನ್ನ ಬೇಯುವುದು ಅದರಿಂದ, ಕಬ್ಬಿಣ ಮೃದುವಾಗುವುದು ಅದರಿಂದ, ಚಳಿ ನೀಗುವುದು ಅದರಿಂದ. ಪವಿತ್ರ ಕುರ್‌ಆನಿನ ಅಲ್ ವಾಕಿಅ ಅಧ್ಯಾಯದಲ್ಲಿ, ನಾವು ಉರಿಸುವ ಬೆಂಕಿಯ ಕಡೆಗೆ ನಮ್ಮ ಗಮನ ಸೆಳೆದು, ಅದಕ್ಕೆ ಆಧಾರವಾದ ಮರವನ್ನು ಉಂಟು ಮಾಡಿದವರು ಯಾರೆಂದು ಕೇಳಲಾಗಿದೆ. ಆ ಬೆಂಕಿಯು ಒಂದು ಉಪದೇಶವೂ ಪ್ರಯಾಣಿಕರಿಗೆ ಉಪಯುಕ್ತ ವಸ್ತುವೂ ಆಗಿದೆಯೆಂದು ಅಲ್ಲಿಯೇ ತಿಳಿಸಲಾಗಿದೆ. ಈ ಕ್ರಮವನ್ನು ಗಮನಿಸಿರಿ. ಮೊದಲು ಉಪದೇಶ, ಅನಂತರ ಉಪಯೋಗ. ಮನುಷ್ಯನಾದರೋ ಉಪಯೋಗವನ್ನು ಮಾತ್ರ ನೆನಪಿಟ್ಟು ಉಪದೇಶವನ್ನು ಮರೆತಿದ್ದಾನೆ. ಬೆಂಕಿಯನ್ನೂ ಮರವನ್ನೂ ಒಬ್ಬನೇ ಒಡೆಯನು ಅಮಾನತಾಗಿ ನಮ್ಮ ಕೈಗೊಪ್ಪಿಸಿರುವಾಗ, ಒಂದರಿಂದ ಇನ್ನೊಂದನ್ನು ನಾಶಪಡಿಸುವ ಹಕ್ಕು ನಮಗೆಲ್ಲಿಂದ ಬಂತು?

ಸಿಡಿಲು ಬಡಿದು ಕಾಡಿಗೆ ಬೆಂಕಿ ಬೀಳುವುದುಂಟು. ಅದು ಮನುಷ್ಯನ ಕೈಮೀರಿದ ಸಂಗತಿ. ಆದರೆ ನಮ್ಮ ಕಾಲದ ಎಷ್ಟೋ ದೊಡ್ಡ ಕಾಡ್ಗಿಚ್ಚುಗಳ ಹಿಂದೆ ಮನುಷ್ಯನ ಕೈಯಿದೆ. ಇದನ್ನು ಅರಿಯಲು ಇಂಡೋನೇಷ್ಯಾ ತಕ್ಕ ಉದಾಹರಣೆ. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳ ಮುಂಚೂಣಿಯಲ್ಲಿ ಅದಿದೆ. ಅಲ್ಲಿ ಉರಿದ ಬೆಂಕಿಯೂ, ಆ ಬೆಂಕಿಯ ಕುರಿತು ಅಲ್ಲಿನ ವಿದ್ವಾಂಸರು ನೀಡಿದ ತೀರ್ಪೂ ನಮಗೆ ಪಾಠವಾಗಬೇಕು.

ನೆಲದೊಳಗಿನ ಬೆಂಕಿ

ಇಂಡೋನೇಷ್ಯಾದ ಸುಮಾತ್ರಾ ಮತ್ತು ಕಾಲಿಮಂತಾನ್ ಪ್ರದೇಶಗಳಲ್ಲಿ ವಿಶಾಲವಾದ ಜೌಗು ಕಾಡುಗಳಿವೆ. ಅಲ್ಲಿ ಉದುರಿದ ಎಲೆ, ಕಡ್ಡಿ, ಬೇರುಗಳು ನೀರಿನಲ್ಲಿ ಮುಳುಗಿರುವುದರಿಂದ ಪೂರ್ತಿಯಾಗಿ ಕೊಳೆಯುವುದಿಲ್ಲ. ಸಾವಿರಾರು ವರ್ಷಗಳಿಂದ ಅವು ಪದರ ಪದರವಾಗಿ ಶೇಖರವಾಗುತ್ತಾ ಬಂದು, ಕೆಲವು ಕಡೆ ಹತ್ತು ಮೀಟರಿಗೂ ಹೆಚ್ಚು ಆಳದ ಕಪ್ಪು ಮಣ್ಣಾಗಿವೆ. ಇದನ್ನು ಪೀಟ್ ಎನ್ನುತ್ತಾರೆ. ನೀರು ತುಂಬಿರುವ ತನಕ ಅದಕ್ಕೆ ಬೆಂಕಿಯ ಭಯವಿಲ್ಲ. ಕಾಲುವೆ ತೋಡಿ ನೀರನ್ನು ಹರಿಯಬಿಟ್ಟರೆ ಅದು ಒಣಗಿ ಸೌದೆಯಂತಾಗುತ್ತದೆ.

ಮನುಷ್ಯನು ಮಾಡಿದ್ದು ಅದನ್ನೇ. 1990ರ ದಶಕದ ಮಧ್ಯದಲ್ಲಿ ಮಧ್ಯ ಕಾಲಿಮಂತಾನಿನ ಸುಮಾರು 10 ಲಕ್ಷ ಹೆಕ್ಟೇರ್ ಜೌಗು ನೆಲವನ್ನು ಭತ್ತದ ಗದ್ದೆಯಾಗಿಸುವ ಯೋಜನೆಯನ್ನು ಅಲ್ಲಿನ ಸರಕಾರ ಕೈಗೆತ್ತಿಕೊಂಡಿತು. ಸಾವಿರಾರು ಕಿಲೋಮೀಟರ್ ಕಾಲುವೆಗಳನ್ನು ತೋಡಲಾಯಿತು. ಆ ಮಣ್ಣು ಭತ್ತಕ್ಕೆ ಒಗ್ಗಲಿಲ್ಲ, ಯೋಜನೆ ಬಿದ್ದುಹೋಯಿತು. ಒಣಗಿದ ನೆಲ ಹಾಗೆಯೇ ಉಳಿಯಿತು. ಬೇರೆ ಕಡೆಗಳಲ್ಲಿ ತಾಳೆ ಎಣ್ಣೆಯ ತೋಟಗಳಿಗಾಗಿ ಮತ್ತು ಕಾಗದದ ಮರಗಳಿಗಾಗಿ ಕಾಡು ಕಡಿದು, ನೆಲ ಹಸನು ಮಾಡಲು ಬೆಂಕಿ ಹಚ್ಚುವುದು ರೂಢಿಯಾಯಿತು. ಯಂತ್ರಕ್ಕೂ ಆಳಿಗೂ ಹಣ ಬೇಕು, ಕಡ್ಡಿ ಗೀರುವುದಕ್ಕೆ ಏನೂ ಬೇಡ.

1997ರಲ್ಲಿ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ, ಎಲ್ ನಿನೋ ಎಂದು ಕರೆಯಲಾಗುವ ವೈಪರೀತ್ಯದಿಂದ ಅಲ್ಲಿ ಮಳೆ ಕೈಕೊಟ್ಟಿತು. ಹಚ್ಚಿದ ಬೆಂಕಿ ನೆಲದೊಳಕ್ಕಿಳಿಯಿತು. ಪೀಟಿನ ಬೆಂಕಿ ಜ್ವಾಲೆಯಾಗಿ ಕಾಣದೆ ಒಳಗೊಳಗೇ ವಾರಗಟ್ಟಲೆ ಕನಲುತ್ತದೆ. ಮೇಲಿನಿಂದ ನೀರು ಸುರಿದರೆ ಅದು ಸುಲಭವಾಗಿ ಆರದು. ಮಳೆ ಬಂದು ನೆಲದ ನೀರು ಮೇಲೇರಿದರೆ ಮಾತ್ರ ಆರುತ್ತದೆ. ಮಲೇಷ್ಯಾ, ಸಿಂಗಾಪುರ, ಬ್ರೂನೈ ದೇಶಗಳ ಆಕಾಶವನ್ನು ಹೊಗೆ ಮುಚ್ಚಿತು. ಆ ಒಂದು ವರ್ಷದಲ್ಲಿ ಇಂಡೋನೇಷ್ಯಾದ ಬೆಂಕಿಯಿಂದ ವಾಯುಮಂಡಲಕ್ಕೆ ಸೇರಿದ ಇಂಗಾಲವು 81 ಕೋಟಿಯಿಂದ 257 ಕೋಟಿ ಟನ್ನಿನಷ್ಟಿರಬಹುದೆಂದು ವಿಜ್ಞಾನಿಗಳು 2002ರಲ್ಲಿ ಅಂದಾಜಿಸಿದರು. ಇಡೀ ಜಗತ್ತು ಕಲ್ಲಿದ್ದಲು, ಪೆಟ್ರೋಲು ಮುಂತಾದವುಗಳನ್ನು ಉರಿಸಿ ವರ್ಷವೊಂದಕ್ಕೆ ಹೊರಬಿಡುತ್ತಿದ್ದ ಇಂಗಾಲದ ಶೇಕಡಾ 13ರಿಂದ 40ರಷ್ಟು ಇದಾಗಿತ್ತು.

ಪಾಠ ಕಲಿಯಲಿಲ್ಲ. 2015ರಲ್ಲಿ ಮತ್ತೆ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು. ಐದು ಲಕ್ಷಕ್ಕೂ ಹೆಚ್ಚು ಜನರು ಉಸಿರಾಟದ ಕಾಯಿಲೆಗೆ ತುತ್ತಾದರು. ಶಾಲೆಗಳು ಮುಚ್ಚಿದವು. ವಿಶ್ವಬ್ಯಾಂಕು ಅಂದಾಜಿಸಿದ ನಷ್ಟ 1600 ಕೋಟಿ ಡಾಲರಿಗೂ ಹೆಚ್ಚು. 2004ರ ಸುನಾಮಿಯಲ್ಲಿ ನೆಲಸಮವಾದ ಆಚೆ ಪ್ರಾಂತವನ್ನು ಮತ್ತೆ ಕಟ್ಟಲು ತಗಲಿದ ವೆಚ್ಚದ ಎರಡು ಪಟ್ಟು ಇದು. ಸಮುದ್ರವು ಕೆಡವಿದ್ದಕ್ಕಿಂತ ಹೆಚ್ಚನ್ನು ಮನುಷ್ಯನ ಕಡ್ಡಿ ಕೆಡವಿತು.

ಕಾಡಿನ ಸಮುದಾಯಗಳು

ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ಆಕಾಶದಲ್ಲಿ ಹಾರುವ ಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳೆಂದು ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯವು ಕಲಿಸುತ್ತದೆ. ಈ ಕಾಡುಗಳ ಒಂದು ಸಮುದಾಯ ಒರಾಂಗುಟಾನ್. ಮಲಯ ಭಾಷೆಯಲ್ಲಿ ಆ ಹೆಸರಿಗೆ ಕಾಡಿನ ಮನುಷ್ಯ ಎಂದರ್ಥ. ಸುಮಾತ್ರಾ ಮತ್ತು ಬೋರ್ನಿಯೋ ದ್ವೀಪಗಳಲ್ಲದೆ ಲೋಕದ ಬೇರಾವ ಕಾಡಿನಲ್ಲೂ ಅದು ಇಲ್ಲ. ಹೆಣ್ಣು ಒರಾಂಗುಟಾನ್ ಏಳೆಂಟು ವರ್ಷಗಳಿಗೊಮ್ಮೆ ಒಂದು ಮರಿ ಹಾಕುತ್ತದೆ. ಒಂದು ಬೇಸಿಗೆಯಲ್ಲಿ ಸತ್ತವುಗಳ ಸ್ಥಾನ ತುಂಬಲು ಎಷ್ಟು ವರ್ಷ ಬೇಕೆಂದು ನೀವೇ ಲೆಕ್ಕ ಹಾಕಿರಿ.

ಒಮ್ಮೆ ಸುಟ್ಟ ಕಾಡು ಮೊದಲಿನಂತೆ ಉಳಿಯುವುದಿಲ್ಲ. ಮರಗಳ ನೆರಳು ಹೋದ ಮೇಲೆ ಹುಲ್ಲು, ಜರಿಗಿಡಗಳು ಬೆಳೆಯುತ್ತವೆ. ಅವು ಬೇಗ ಒಣಗಿ ಮುಂದಿನ ಬೆಂಕಿಗೆ ಮೇವಾಗುತ್ತವೆ. ಪೀಟು ಉರಿದಂತೆ ನೆಲ ಕುಸಿದು ತಗ್ಗಾಗುತ್ತದೆ, ಮಳೆಗಾಲದಲ್ಲಿ ನೆರೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಹೊಗೆ, ಮಳೆಗಾಲದಲ್ಲಿ ನೆರೆ. ಮನುಷ್ಯರ ಕರಗಳು ಗಳಿಸಿದ್ದರ ಫಲವಾಗಿ ನೆಲದಲ್ಲೂ ಜಲದಲ್ಲೂ ಕೆಡುಕು ಪ್ರಕಟವಾಗುವುದೆಂದು ಅರ್ರೂಮ್ ಅಧ್ಯಾಯವು ತಿಳಿಸಿರುವುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಸಾಕ್ಷ್ಯ ಬೇಕೇ?

ಕರ್ಮಶಾಸ್ತ್ರ ಏನು ಹೇಳುತ್ತದೆ?

ಮದೀನದಲ್ಲಿ ಒಂದು ರಾತ್ರಿ ಮನೆಯೊಂದು ಮನೆಮಂದಿಯ ಸಮೇತ ಉರಿಯಿತು. ಸುದ್ದಿ ತಿಳಿದ ಪ್ರವಾದಿ(ಸ)ಯವರು ಬೆಂಕಿಯು ನಮ್ಮ ಶತ್ರುವೆಂದೂ ಮಲಗುವ ಮುನ್ನ ಅದನ್ನು ಆರಿಸಬೇಕೆಂದೂ ಆದೇಶಿಸಿದರೆಂದು ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಇನ್ನೊಮ್ಮೆ ಪ್ರಯಾಣದಲ್ಲಿ, ಸಂಗಡಿಗರು ಸುಟ್ಟಿದ್ದ ಇರುವೆಗಳ ಗೂಡನ್ನು ಕಂಡು ಅದನ್ನು ಸುಟ್ಟವರಾರೆಂದು ವಿಚಾರಿಸಿದರು. ಬೆಂಕಿಯಿಂದ ಶಿಕ್ಷಿಸುವ ಅಧಿಕಾರ ಬೆಂಕಿಯ ಒಡೆಯನಿಗೆ ಮಾತ್ರವೆಂದು ಎಚ್ಚರಿಸಿದರು. ಇದು ಅಬೂದಾವೂದ್ ವರದಿ. ಒಂದು ಇರುವೆ ಗೂಡಿಗಾಗಿ ಇಂತಹ ವಿಚಾರಣೆ ನಡೆದಿರುವಾಗ, ಲಕ್ಷಾಂತರ ಹೆಕ್ಟೇರ್ ಕಾಡಿನಲ್ಲಿರುವ ಗೂಡುಗಳ ಲೆಕ್ಕವನ್ನು ಯಾರು ಒಪ್ಪಿಸುವರು?

ನಮ್ಮ ಪೂರ್ವ ವಿದ್ವಾಂಸರು ಈ ವಿಷಯವನ್ನು ಇನ್ನಷ್ಟು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಒಬ್ಬನು ತನ್ನದೇ ಹೊಲದಲ್ಲಿ ಕೂಳೆ ಸುಡಲು ಬೆಂಕಿ ಹಚ್ಚಿದನು. ಕಿಡಿ ಹಾರಿ ನೆರೆಯವನ ಬೆಳೆ ಸುಟ್ಟಿತು. ಅವನು ನಷ್ಟ ತುಂಬಿಕೊಡಬೇಕೇ? ಹನಫೀ ಮತ್ತು ಶಾಫಿಈ ಕರ್ಮಶಾಸ್ತ್ರ ಗ್ರಂಥಗಳು ಇದಕ್ಕೆ ನೀಡುವ ಉತ್ತರ ಗಾಳಿಯನ್ನು ಅವಲಂಬಿಸಿದೆ. ಗಾಳಿ ಶಾಂತವಾಗಿದ್ದಾಗ, ವಾಡಿಕೆಯ ಮಿತಿಯಲ್ಲಿ ಹಚ್ಚಿದ್ದು ಆಮೇಲೆ ಹಬ್ಬಿದರೆ ಅವನು ಹೊಣೆಯಲ್ಲ. ಬಿರುಗಾಳಿ ಬೀಸುತ್ತಿದ್ದಾಗ ಅಥವಾ ಮಿತಿಮೀರಿ ಹಚ್ಚಿದರೆ ಅವನು ಹೊಣೆ. ನೆಲ ಅವನದೇ ಆಗಿದ್ದರೂ, ಸುಡಬೇಕೆಂಬ ದುರುದ್ದೇಶ ಇಲ್ಲದಿದ್ದರೂ ಹೊಣೆಯೇ. ಬೆಂಕಿ ಹಬ್ಬುವುದೆಂದು ಅವನು ಅರಿಯಬೇಕಿತ್ತು ಎಂಬುದೇ ಇದರ ತಿರುಳು.

ಇಂದು ಬರಗಾಲದ ಮುನ್ಸೂಚನೆ ತಿಂಗಳುಗಳ ಮೊದಲೇ ದೊರೆಯುತ್ತದೆ. ಎಲ್ಲಿ ಬೆಂಕಿ ಬಿದ್ದಿದೆಯೆಂದು ಉಪಗ್ರಹಗಳು ತೋರಿಸುತ್ತವೆ. ಹೀಗಿರುವಾಗ ಒಣಗಿದ ನೆಲಕ್ಕೆ ಬೆಂಕಿಯಿಟ್ಟು ಗಾಳಿಯನ್ನು ದೂರುವವನ ನೆಪ ಯಾವ ನ್ಯಾಯಾಲಯದಲ್ಲಿ ನಿಂತೀತು?

2016ರಲ್ಲಿ ಇಂಡೋನೇಷ್ಯಾದ ಉಲಮಾ ಮಂಡಳಿಯು ಈ ಕುರಿತು ಫತ್ವಾ ನೀಡಿತು. ಪರಿಸರಕ್ಕೂ ಪರರಿಗೂ ಹಾನಿ ತರುವಂತೆ ಕಾಡು ಮತ್ತು ನೆಲವನ್ನು ಸುಡುವುದು ಹರಾಮ್. ಅದಕ್ಕೆ ಅನುಕೂಲ ಮಾಡಿಕೊಡುವುದು, ಕಂಡೂ ಬಿಟ್ಟುಬಿಡುವುದು, ಅದರಿಂದ ಲಾಭ ಪಡೆಯುವುದು ಕೂಡಾ ಹರಾಮ್. ಅಂತಹ ಬೆಂಕಿಯನ್ನು ನಿಯಂತ್ರಿಸುವುದು ಕಡ್ಡಾಯ. ಇದು ಅದರ ಸಾರಾಂಶ. ಹಚ್ಚಿದವನೊಬ್ಬನೇ ಅಪರಾಧಿಯಲ್ಲ, ಸುಮ್ಮನಿದ್ದವನೂ ಲಾಭ ಉಂಡವನೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ.

ನಮಗೂ ಇದಕ್ಕೂ ಏನು ಸಂಬಂಧ?

ದೂರದ ದ್ವೀಪಗಳ ಮಾತು ನಮಗೇಕೆಂದು ನೀವು ಕೇಳಬಹುದು. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಉತ್ಪಾದಿಸುವ ದೇಶ ಇಂಡೋನೇಷ್ಯಾ, ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮ ಭಾರತ. ಅಂಗಡಿಯಲ್ಲಿ ಪಾಮೋಲಿನ್ ಎಂದು ದೊರೆಯುವುದು ಇದೇ ಎಣ್ಣೆ. ಬಿಸ್ಕತ್ತಿನಲ್ಲಿ, ಸಾಬೂನಿನಲ್ಲಿ, ಬೇಕರಿ ತಿಂಡಿಯಲ್ಲಿ, ಇಫ್ತಾರಿನ ಸಮೋಸ ಕರಿಯುವ ಬಾಣಲೆಯಲ್ಲಿ ಅದಿದೆ. ಹಾಗೆಂದು ತಾಳೆ ಎಣ್ಣೆ ಹರಾಮೆಂದು ಯಾರೂ ತಿಳಿಯಬಾರದು. ಹಲಾಲನ್ನು ಹರಾಮ್ ಮಾಡುವ ಅಧಿಕಾರ ನಮಗಿಲ್ಲ. ಬೆಂಕಿ ಹಚ್ಚದೆ ಬೆಳೆಸಿದ ತೋಟಗಳೂ ಇವೆ, ಅದನ್ನೇ ನಂಬಿ ಬದುಕುವ ಬಡ ರೈತರೂ ಅಲ್ಲಿದ್ದಾರೆ. ಆದರೆ ದುಂದುಗಾರಿಕೆಯನ್ನು ಅಲ್ಲಾಹನು ಮೆಚ್ಚುವುದಿಲ್ಲ. ಉಪವಾಸದ ತಿಂಗಳಲ್ಲೇ ಎಣ್ಣೆಯ ಖರ್ಚು ದುಪ್ಪಟ್ಟಾಗುವ ಮನೆಯವರು ಆ ಎಣ್ಣೆ ಎಲ್ಲಿಂದ ಬಂತೆಂದು ಒಮ್ಮೆ ಆಲೋಚಿಸಬೇಡವೇ?

ಬೆಂಕಿಯಂತೂ ನಮ್ಮ ನಾಡಿಗೂ ಹೊಸದಲ್ಲ. ನಮ್ಮ ಕಾಡುಗಳಲ್ಲಿ ಪೀಟ್ ಇಲ್ಲ, ಆದರೆ ಒಣಗಿದ ತರಗೆಲೆಯೂ ಲಂಟಾನದ ಪೊದೆಯೂ ಇವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಆದ್ದರಿಂದ ತೋಟದ, ಗುಡ್ಡದ ತರಗೆಲೆಯನ್ನು ಸುಡದೆ ಗೊಬ್ಬರ ಮಾಡಿರಿ. ಸುಡಲೇಬೇಕಾದರೆ ಗಾಳಿಯಿಲ್ಲದ ಹೊತ್ತಿನಲ್ಲಿ ಸುತ್ತಲೂ ನೆಲ ಕೆತ್ತಿ, ನೀರು ಹತ್ತಿರವಿಟ್ಟು, ನೆರೆಯವರಿಗೆ ತಿಳಿಸಿ ಹಚ್ಚಿರಿ. ಬೂದಿ ತಣ್ಣಗಾಗುವ ತನಕ ಅಲ್ಲಿಂದ ಕದಲಬೇಡಿರಿ. ಕಾಡುದಾರಿಯಲ್ಲಿ ಬೀಡಿಯ ತುಂಡು ಎಸೆಯುವವನನ್ನು ಕಂಡರೆ ವಿನಯದಿಂದ ತಡೆಯಿರಿ. ಕಾಡಿನಲ್ಲಿ ಹೊಗೆ ಕಂಡರೆ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿರಿ. ಕಂಡೂ ಸುಮ್ಮನಿರುವುದು ವಿಶ್ವಾಸಿಯ ಲಕ್ಷಣವಲ್ಲ.

ಮಳೆಗಾಗಿ ಕೈಯೆತ್ತುವ ಮುನ್ನ

2019ರಲ್ಲಿ ಇಂಡೋನೇಷ್ಯಾದಲ್ಲಿ ಮತ್ತೆ ಬೆಂಕಿ ಎದ್ದಾಗ, ಜನರು ಹೊಗೆಯ ನಡುವೆಯೇ ಸೇರಿ ಮಳೆಗಾಗಿ ಇಸ್ತಿಸ್ಕಾ ನಮಾಝ್ ನಿರ್ವಹಿಸಿದರು. ಆ ನಮಾಝಿನ ಶಿಷ್ಟಾಚಾರಗಳಲ್ಲಿ ಒಂದನ್ನು ನಾವು ಮರೆಯಬಾರದು. ಮೈದಾನಕ್ಕೆ ಹೊರಡುವ ಮುನ್ನ ಜನರು ತೌಬಾ ಮಾಡಬೇಕು, ಅನ್ಯಾಯಗಳನ್ನು ತೊರೆಯಬೇಕು, ಕಸಿದುಕೊಂಡ ಹಕ್ಕುಗಳನ್ನು ಹಿಂದಿರುಗಿಸಬೇಕು. ಅಂದರೆ ಒಂದು ಕೈಯಲ್ಲಿ ಕಡ್ಡಿ ಗೀರುತ್ತಾ ಇನ್ನೊಂದು ಕೈಯನ್ನು ಆಕಾಶದೆಡೆಗೆ ಎತ್ತಲಾಗದು.

ಅಲ್ಲಾಹನೊಡನೆ ಮಾಡಿದ ತಪ್ಪನ್ನು ಅವನು ತೌಬಾದಿಂದ ಕ್ಷಮಿಸುವನು. ದಾಸರ ಹಕ್ಕುಗಳ ವಿಷಯ ಹಾಗಲ್ಲ, ಅವರೇ ಕ್ಷಮಿಸಬೇಕು. ನೆರೆಯವನ ಬೆಳೆ ಸುಟ್ಟರೆ ಅವನ ಬಾಗಿಲಿಗೆ ಹೋಗಿ ಕ್ಷಮೆ ಬೇಡಬಹುದು, ನಷ್ಟ ತುಂಬಬಹುದು. ಕಾಡು ಸುಟ್ಟವನು ಯಾರ ಬಾಗಿಲಿಗೆ ಹೋಗುವನು? ತನ್ನ ಹೊಗೆಯಿಂದ ಉಸಿರುಗಟ್ಟಿದ, ಮತ್ತೊಂದು ದೇಶದ ಮಗುವನ್ನು ಅವನು ಎಲ್ಲಿ ಹುಡುಕುವನು? ನಮಾಝ್, ಉಪವಾಸ, ಝಕಾತುಗಳ ರಾಶಿಯೊಂದಿಗೆ ಬಂದರೂ, ಪರರಿಗೆ ಮಾಡಿದ ಅನ್ಯಾಯಕ್ಕೆ ಅವೆಲ್ಲವನ್ನೂ ತೆತ್ತು ಪರಲೋಕದಲ್ಲಿ ದಿವಾಳಿಯಾಗುವವನ ಕುರಿತು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ಹಚ್ಚಿದವನ ಹೊಣೆ ಅವನ ಹೊಲದ ಬೇಲಿಗೆ ಮುಗಿಯುವುದಿಲ್ಲ. ಅವನ ಹೊಗೆ ಎಲ್ಲಿಯವರೆಗೆ ಹೋಗುವುದೋ ಹೊಣೆಯೂ ಅಲ್ಲಿಯವರೆಗೆ ಹೋಗುತ್ತದೆ.

ಬೆಂಕಿಯಲ್ಲಿ ಉಪದೇಶವನ್ನು ಕಾಣುವ ಕಣ್ಣನ್ನೂ, ನಮ್ಮ ವಶಕ್ಕೆ ಕೊಡಲಾದ ಭೂಮಿಯನ್ನು ಅಮಾನತಿನಂತೆ ಕಾಪಾಡುವ ಮನಸ್ಸನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.